ಯುದ್ಧಕಾಲದ ಜಪಾನಿ ಕತ್ತಿಗಳು: ಸಂಗ್ರಹ, ಆರೈಕೆ, ದುರಸ್ತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಜಪಾನಿ ಕತ್ತಿ ಕೈಗೆ ಬಂದವರು ಮೊದಲು ಕೇಳುವುದು "ಇದನ್ನು ಫಳಫಳ ಹೊಳೆಯುವ ಹಾಗೆ ಮಾಡುವುದು ಹೇಗೆ?" ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅದು ಯಾವ ಕತ್ತಿ, ಯಾರು ಬಡಿದದ್ದು, ಯಾವ ಉಕ್ಕು ಅಂತ ಗೊತ್ತಾಗುವವರೆಗೆ ಅದಕ್ಕೆ ಏನೂ ಮಾಡದೆ ಇರುವುದೇ ದೊಡ್ಡ ಉಪಕಾರ. ಕೆಳಗಿನ ಉತ್ತರಗಳೆಲ್ಲ ಇದೇ ಮಾತಿನ ಸುತ್ತ ಇವೆ.

ಯುದ್ಧಕಾಲದ ಕತ್ತಿ ಅಂದರೆ ಯಾವುದು? ಎಲ್ಲವೂ ಒಂದೇನಾ?

ಒಂದೇ ಅಲ್ಲ. ಸೈನ್ಯದ ಅಲಂಕಾರ ತೊಟ್ಟ ಕತ್ತಿಗೆ ಜಪಾನಿನಲ್ಲಿ ಗುನ್ತೊ ಅನ್ನುತ್ತಾರೆ. ಇದು ಹೊರಗಿನ ವೇಷದ ಹೆಸರು ಅಷ್ಟೇ. ಒಳಗಿನ ಅಲಗು ನಾಲ್ಕು ಬಗೆಯದ್ದು ಇರಬಹುದು.

ಒಂದು, ಯಂತ್ರದಲ್ಲಿ ಮಾಡಿ ಸೈನಿಕರಿಗೆ ಹಂಚಿದ್ದು. ಎರಡು, ಕಾರ್ಖಾನೆಯ ಉಕ್ಕಿನ ಪಟ್ಟಿಯಿಂದ ಮಾಡಿ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟದ್ದು. ಇದನ್ನು ಶೋವಾತೊ ಅನ್ನುತ್ತಾರೆ, ಸಂಖ್ಯೆಯಲ್ಲಿ ಇದೇ ಜಾಸ್ತಿ. ಮೂರು, ಕಮ್ಮಾರ ಹಳೆಯ ಪದ್ಧತಿಯಲ್ಲೇ ತಮಾಹಗಾನೆ ಎಂಬ ಉಕ್ಕನ್ನು ಮಡಚಿ ಮಡಚಿ ಬಡಿದು, ಮಣ್ಣು ಮೆತ್ತಿ, ಕಾಯಿಸಿ ನೀರಿನಲ್ಲಿ ಅದ್ದಿ ಹದ ಕೊಟ್ಟದ್ದು, ಇದು ಗೆಂದೈತೊ. ನಾಲ್ಕು, ಮನೆತನದ ಹಳೆಯ ಅಲಗಿಗೆ ಸೈನ್ಯದ ಹಿಡಿ, ಒರೆ ತೊಡಿಸಿದ್ದು. ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು. ಹಾಗಾಗಿ ಅವರವರ ಜೇಬು, ಮನೆತನ, ಅಭಿರುಚಿಗೆ ತಕ್ಕ ಹಾಗೆ ಒಳಗಿನ ಅಲಗು ಬದಲಾಗುತ್ತದೆ.

ಈ ಪುಟದಲ್ಲಿ ಹೆಚ್ಚಿನ ಮಾತು ಮೂರನೆಯ ಬಗೆಯ ಬಗ್ಗೆ.

ಯುದ್ಧಕಾಲದ್ದೆಲ್ಲಾ ಕಾರ್ಖಾನೆ ಮಾಲು, ಕಲೆ ಏನೂ ಇಲ್ಲ ಅಂತಾರಲ್ಲ. ನಿಜವಾ?

ತುಂಬಾ ಜನ ಹೀಗೆ ಹೇಳುತ್ತಾರೆ. ಈ ಒಂದು ಮಾತಿನಿಂದ ಎಷ್ಟೋ ಒಳ್ಳೆಯ ಅಲಗುಗಳು ಗ್ರೈಂಡರ್‌ಗೆ ಬಲಿಯಾಗಿವೆ.

1876ರಲ್ಲಿ ಜಪಾನ್ ಸರ್ಕಾರ ಸಾಮುರಾಯಿಗಳು ಕತ್ತಿ ಧರಿಸಿ ಓಡಾಡುವುದನ್ನು ನಿಲ್ಲಿಸಿತು. ಕತ್ತಿ ಮಾಡುವವರ ಹೊಟ್ಟೆಪಾಡೇ ಹೋಯಿತು. ಬಹಳಷ್ಟು ಜನ ಕುಡುಗೋಲು, ಅಡುಗೆ ಮನೆ ಚಾಕು ಮಾಡಲು ಹೋದರು. ಬೆರಳೆಣಿಕೆಯ ಜನ ಮಾತ್ರ ವಿದ್ಯೆ ಬಿಡಲಿಲ್ಲ. ಗಾಸ್ಸಾನ್ ಸದಾಕಜು ಮತ್ತು ಮಿಯಾಮೊತೊ ಕಾನೆನೊರಿ ಅವರನ್ನು 1906ರಲ್ಲಿ ಅರಮನೆಯ ಕಲಾವಿದರನ್ನಾಗಿ ನೇಮಿಸಿದ್ದು ಆ ಎಳೆ ಕಡಿಯದಂತೆ ನೋಡಿಕೊಂಡಿತು.

1930ರ ದಶಕದಲ್ಲಿ ಸೈನ್ಯ ಬೆಳೆಯಿತು, ಕತ್ತಿಗೆ ಬೇಡಿಕೆ ಬಂತು. 1934ರಲ್ಲಿ ಅಧಿಕಾರಿಗಳ ಕತ್ತಿಯ ಹೊಸ ಮಾದರಿ ಬಂತು. ಅದಕ್ಕೂ ಮೊದಲು ಇದ್ದದ್ದು ಯುರೋಪಿನ ಧಾಟಿಯ ಹಿಡಿ. ಹೊಸದರಲ್ಲಿ ಹಳೆಯ ಕಾಲದ ತಾಚಿ ಕತ್ತಿಯ ರೂಪ ಮರಳಿ ಬಂತು. ಇದಕ್ಕೆ ಒಂದು ವರ್ಷ ಮೊದಲೇ, 1933ರಲ್ಲಿ, ಟೋಕಿಯೋದಲ್ಲಿ ಎರಡು ಮುಖ್ಯ ಕುಲುಮೆಗಳು ಶುರುವಾಗಿದ್ದವು. ಒಂದು ಯಾಸುಕುನಿ ದೇಗುಲದ ಆವರಣದಲ್ಲಿ. ಇನ್ನೊಂದು ಸಂಸತ್ ಸದಸ್ಯರೂ ಆಗಿದ್ದ ಕುರಿಹಾರಾ ಹಿಕೊಸಬುರೊ ನಡೆಸಿದ ತರಬೇತಿ ಶಾಲೆ.

ಆ ಶಾಲೆಯಲ್ಲಿ ಕಲಿತ ಮಿಯಾಯಿರಿ ಅಕಿಹಿರಾ 1963ರಲ್ಲಿ ಜಪಾನಿನ 'ಜೀವಂತ ರಾಷ್ಟ್ರೀಯ ನಿಧಿ' ಗೌರವ ಪಡೆದರು. ಅಮಾತಾ ಅಕಿತ್ಸುಗು ಅದೇ ಗೌರವ ಪಡೆದದ್ದು 1997ರಲ್ಲಿ. ಕತ್ತಿ ಕಮ್ಮಾರರಲ್ಲಿ ಈ ಗೌರವ ಮೊದಲು ಪಡೆದ ತಕಾಹಾಶಿ ಸದಾತ್ಸುಗು (1955) ಕಲಿತದ್ದು ಗಾಸ್ಸಾನ್ ಮನೆತನದಲ್ಲಿ. ಯುದ್ಧಕಾಲದ ಕುಲುಮೆಗಳು ಇಲ್ಲದೆ ಹೋಗಿದ್ದರೆ ಇವತ್ತಿನ ಜಪಾನಿ ಕತ್ತಿ ವಿದ್ಯೆ ಈ ರೂಪದಲ್ಲಿ ಉಳಿಯುತ್ತಿರಲಿಲ್ಲ. ಹಾಗಾಗಿ 'ಕಾರ್ಖಾನೆ ಮಾಲು' ಅನ್ನುವ ಮುಂಚೆ ಒಮ್ಮೆ ಹಿಡಿ ಬಿಚ್ಚಿ ನೋಡಿ.

ಯಾಸುಕುನಿ ಕತ್ತಿ ಅಂದರೆ ಏನು? ಯಾಕೆ ಅಷ್ಟು ಹೆಸರು?

ಯಾಸುಕುನಿ ದೇಗುಲದ ಕುಲುಮೆಯಲ್ಲಿ 1933ರಿಂದ 1945ರವರೆಗೆ ಸುಮಾರು 8,100 ಕತ್ತಿಗಳು ತಯಾರಾದವು. ಅಲ್ಲಿನ ಕಮ್ಮಾರರಿಗೆ 'ಯಾಸು' ಎಂದು ಶುರುವಾಗುವ ವೃತ್ತಿನಾಮ ಕೊಡುತ್ತಿದ್ದರು: ಯಾಸುನೊರಿ, ಯಾಸುಹಿರೊ, ಯಾಸುಮಿತ್ಸು ಹೀಗೆ. ಕತ್ತಿಯ ರೂಪ ತೆಳು, ಹದವಾದ ಬಾಗು, ಹದ ಕೊಟ್ಟಾಗ ಅಲಗಿನ ಮೇಲೆ ಮೂಡುವ ಗೆರೆ (ಹಾಮೊನ್) ಹೆಚ್ಚಾಗಿ ನೇರ. ಕಾಮಕುರ ಕಾಲದ (12ರಿಂದ 14ನೇ ಶತಮಾನ) ಬಿಜೆನ್ ಪ್ರಾಂತ್ಯದ ಕತ್ತಿಗಳೇ ಇವಕ್ಕೆ ಮಾದರಿ. ಸೈನಿಕ ವಿದ್ಯಾಲಯದಲ್ಲಿ ಮೊದಲ ಸಾಲಿನಲ್ಲಿ ಪಾಸಾದವರಿಗೆ ಚಕ್ರವರ್ತಿಯ ಕೊಡುಗೆಯಾಗಿ ಕೊಟ್ಟ ಕತ್ತಿಗಳೂ ಇಲ್ಲಿಯವೇ.

ಇವುಗಳ ಉಕ್ಕಿನ ಕತೆ ಇನ್ನೂ ಚೆನ್ನಾಗಿದೆ. ಶಿಮಾನೆ ಪ್ರಾಂತ್ಯದ ಯೊಕೊತಾದಲ್ಲಿ ಈ ಕುಲುಮೆಗೆಂದೇ ತತಾರಾ ಎಂಬ ಜೇಡಿಮಣ್ಣಿನ ಭಟ್ಟಿ ಹಾಕಿದ್ದರು. ಕಬ್ಬಿಣದ ಮರಳು, ಇದ್ದಿಲು ಎರಡನ್ನೂ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಮೂರು ಹಗಲು ಮೂರು ರಾತ್ರಿ ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಕೊನೆಗೆ ಭಟ್ಟಿಯ ಗೋಡೆ ಒಡೆದು ಕೆಂಪಗೆ ಕಾದ ಉಕ್ಕಿನ ದಿಮ್ಮಿಯನ್ನು ಹೊರಗೆ ಎಳೆಯುತ್ತಾರೆ. ಸುಮಾರು ಹತ್ತು ಟನ್ ಮರಳು ಹಾಕಿದರೆ ಸಿಗುವುದು ಎರಡೂವರೆ ಟನ್ ದಿಮ್ಮಿ. ಅದರಲ್ಲೂ ಕತ್ತಿಗೆ ಒಗ್ಗುವ ತಮಾಹಗಾನೆ ಒಂದು ಪಾಲು ಮಾತ್ರ. ಯುದ್ಧ ಮುಗಿದ ಮೇಲೆ ಆ ಭಟ್ಟಿ ತಣ್ಣಗಾಯಿತು. 1977ರಲ್ಲಿ ಅದೇ ಜಾಗದಲ್ಲಿ ಮತ್ತೆ ಹೊತ್ತಿಸಿದರು. ಇವತ್ತಿನ ಜಪಾನಿ ಕಮ್ಮಾರರಿಗೆ ಉಕ್ಕು ಬರುವುದು ಅಲ್ಲಿಂದಲೇ.

ನೌಕಾಪಡೆಗೆ ಇದೇ ರೀತಿ ಕೋಬೆಯ ಮಿನಾತೊಗಾವಾ ದೇಗುಲದಲ್ಲಿ ಕುಲುಮೆ ಇತ್ತು. ನೀರಿನ ಮೇಲೆ ತೇಲುವ ಸೇವಂತಿಗೆಯ ಚಿಹ್ನೆ ಅದರ ಗುರುತು.

ಅಲಗಿನ ಬುಡದಲ್ಲಿ ಸಣ್ಣ ಮುದ್ರೆ ಇದೆ. ಏನರ್ಥ?

ಮುದ್ರೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ನಕ್ಷತ್ರದ ಮುದ್ರೆ ಇದ್ದರೆ ಖುಷಿಪಡಿ. ಸೈನ್ಯ ಪರೀಕ್ಷೆ ಮಾಡಿ ಆಯ್ದ ಕಮ್ಮಾರರಿಗೆ ತಮಾಹಗಾನೆ ಮತ್ತು ಇದ್ದಿಲನ್ನು ತಾನೇ ಕೊಟ್ಟು ಕತ್ತಿ ಮಾಡಿಸುತ್ತಿತ್ತು. ತಪಾಸಣೆಯಲ್ಲಿ ಪಾಸಾದ ಅಲಗಿಗೆ ನಕ್ಷತ್ರ ಬೀಳುತ್ತಿತ್ತು. ಅದು ಗೆಂದೈತೊ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

ಚೆರ್ರಿ ಹೂವಿನ ಒಳಗೆ ಅಕ್ಷರ ಇರುವ ಮುದ್ರೆ, ಗಿಫು ಪ್ರಾಂತ್ಯದ ಸೆಕಿ ಊರಿನ ಮುದ್ರೆ, ನಾಗೋಯಾ ಶಸ್ತ್ರಾಗಾರದ ಮುದ್ರೆ ಇವೆಲ್ಲ ಸಾಮಾನ್ಯವಾಗಿ ಶೋವಾತೊ ಮೇಲೆ ಕಾಣುತ್ತವೆ. ಲಂಗರಿನ ಮುದ್ರೆ ನೌಕಾಪಡೆಯದ್ದು. ಆದರೆ ಮುದ್ರೆ ನೋಡಿದ ಕೂಡಲೇ ತೀರ್ಪು ಕೊಡಬೇಡಿ. ಸೆಕಿ ಮುದ್ರೆ ಇದ್ದೂ ಚೆನ್ನಾಗಿ ಮಡಚಿ ಬಡಿದ ಅಲಗುಗಳು ಅಪರೂಪಕ್ಕೆ ಸಿಗುತ್ತವೆ. ನಕ್ಷತ್ರ ಇಲ್ಲದ ಗೆಂದೈತೊಗಳಂತೂ ಬೇಕಾದಷ್ಟಿವೆ, ಏಕೆಂದರೆ ಅಧಿಕಾರಿ ನೇರವಾಗಿ ಕಮ್ಮಾರನ ಹತ್ತಿರ ಮಾಡಿಸಿಕೊಂಡದ್ದಕ್ಕೆ ಸೈನ್ಯದ ಮುದ್ರೆ ಬೀಳುತ್ತಿರಲಿಲ್ಲ.

ಹಿಡಿ ಬಿಚ್ಚುವುದು ಹೇಗೆ?

ಇದನ್ನು ನಿಧಾನವಾಗಿ ಓದಿ. ಹೆಚ್ಚಿನ ಹಾನಿ ಆಗುವುದು ಇಲ್ಲೇ.

ಮೊದಲು ಒರೆಯಿಂದ ಹೊರಗೆ ತೆಗೆಯಬೇಕು. ಸೈನ್ಯದ ಕತ್ತಿಯಲ್ಲಿ ಹಿಡಿಯ ಹತ್ತಿರ ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಕೊಂಡಿ ಬಿಡುತ್ತದೆ. ಬಾಯಿ, ಅಂದರೆ ಅಲಗಿನ ಹರಿತವಾದ ಅಂಚು, ಮೇಲೆ ಮಾಡಿ, ಬೆನ್ನು ಒರೆಯ ಮೇಲೆ ಜಾರುವ ಹಾಗೆ ನಿಧಾನವಾಗಿ ಎಳೆಯಿರಿ. ಒರೆಯನ್ನು ಅಲಗಿನ ಬಾಯಿ ಇರುವ ಕಡೆಯಿಂದ ಮುಷ್ಟಿ ಮಾಡಿ ಹಿಡಿಯಬೇಡಿ. ಒಳಗಿನ ಮರ ಸವೆದಿದ್ದರೆ ಅಲಗು ಸೀಳಿಕೊಂಡು ಬೆರಳಿಗೆ ಬರುತ್ತದೆ.

ಹಿಡಿಯಲ್ಲಿ ಬಿದಿರಿನ ಗೂಟ ಇರುತ್ತದೆ, ಹೆಸರು ಮೆಕುಗಿ. ಒಂದು ತುದಿ ಸಣ್ಣ, ಒಂದು ತುದಿ ದಪ್ಪ. ಸಣ್ಣ ತುದಿಯ ಕಡೆಯಿಂದ ಹಿತ್ತಾಳೆ ಅಥವಾ ಮರದ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ. ಕೆಲವಕ್ಕೆ ಎರಡು ಗೂಟ ಇರುತ್ತವೆ. ಮೊಳೆ, ಸ್ಕ್ರೂಡ್ರೈವರ್ ಉಪಯೋಗಿಸಬೇಡಿ.

ಗೂಟ ಬಂದ ಮೇಲೆ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಅಲಗು ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುವ ಹಾಗೆ, ಬಾಯಿ ನಿಮ್ಮಿಂದ ಆಚೆಗೆ ಇರುವ ಹಾಗೆ ನಿಲ್ಲಿಸಿ. ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಹಗುರವಾಗಿ ಗುದ್ದಿ. ಆ ಅದುರಿಗೆ ಬುಡ ಸ್ವಲ್ಪ ಸ್ವಲ್ಪವೇ ಸಡಿಲವಾಗಿ ಮೇಲೆ ಬರುತ್ತದೆ. ಎಂಬತ್ತು ವರ್ಷ ಬಿಚ್ಚದೇ ಇದ್ದ ಹಿಡಿ ಮೊದಲ ದಿನ ಬಾರದೇ ಹೋಗಬಹುದು. ಬಾರದಿದ್ದರೆ ಬಿಡಿ, ನಾಳೆ ನೋಡಿದರಾಯಿತು. ಸುತ್ತಿಗೆ ತಗೊಂಡು ತ್ಸುಬಾಗೆ, ಅಂದರೆ ಕೈಗಾಪಿನ ಬಿಲ್ಲೆಗೆ, ಹೊಡೆದವರು ಬಿಲ್ಲೆಯನ್ನೂ ಹಾಳು ಮಾಡಿದ್ದಾರೆ, ಹಿಡಿಯ ಮರವನ್ನೂ ಸೀಳಿದ್ದಾರೆ.

ಹೊರಗೆ ಬರುವಾಗ ಬಿಲ್ಲೆಯ ಎರಡೂ ಕಡೆ ತೆಳು ಹಿತ್ತಾಳೆ ತಗಡುಗಳು ಬರುತ್ತವೆ. ಯಾವುದಾದ ಮೇಲೆ ಯಾವುದು, ಯಾವ ಮುಖ ಯಾವ ಕಡೆ ಅಂತ ಸಾಲಾಗಿ ಇಟ್ಟು ಫೋಟೋ ತೆಗೆಯಿರಿ. ಬಹಳಷ್ಟು ಕತ್ತಿಗಳಲ್ಲಿ ಈ ತಗಡುಗಳ ಮೇಲೆ ಸಣ್ಣ ಅಂಕಿ ಕುಟ್ಟಿರುತ್ತಾರೆ. ಎಲ್ಲದರ ಮೇಲೂ ಒಂದೇ ಅಂಕಿ ಇದ್ದರೆ ಬಿಡಿಭಾಗಗಳು ಮೊದಲಿನಿಂದಲೂ ಜೊತೆಯಲ್ಲೇ ಇವೆ ಅಂತ ಅರ್ಥ.

ಬುಡದಲ್ಲಿ ಏನು ನೋಡಬೇಕು?

ಹಿಡಿಯೊಳಗೆ ಅಡಗಿದ್ದ ಈ ಭಾಗಕ್ಕೆ ನಕಾಗೊ ಅನ್ನುತ್ತಾರೆ. ಅದೇ ಕತ್ತಿಯ ಪತ್ರ. ಅದನ್ನು ಯಾವ ಕಾರಣಕ್ಕೂ ಉಜ್ಜಬೇಡಿ, ಎಣ್ಣೆ ಹಾಕಿ ತೊಳೆಯಬೇಡಿ, ತುಕ್ಕು ತೆಗೆಯಬೇಡಿ. ಆ ತುಕ್ಕಿನ ಬಣ್ಣದಿಂದಲೇ ವಯಸ್ಸು ಹೇಳುವುದು. ಬುಡ ಹೊಳೆಯಿಸಿದರೆ ಕತ್ತಿಯ ಬೆಲೆ ಅರ್ಧಕ್ಕಿಂತ ಹೆಚ್ಚು ಹೋಯಿತು ಅಂತಲೇ ಲೆಕ್ಕ, ಮತ್ತೆ ತರಲು ಆಗುವುದಿಲ್ಲ.

ಯುದ್ಧಕಾಲದ ಬುಡ ಬೂದು ಅಥವಾ ತಿಳಿ ಕಂದು. ಅರದಿಂದ ತೀಡಿದ ಗೆರೆಗಳು ಇನ್ನೂ ಚೂಪಾಗಿ ಕಾಣುತ್ತವೆ. ನೂರಾರು ವರ್ಷದ್ದಾದರೆ ಕಡುಕಂದು, ಕಪ್ಪಿನ ಹತ್ತಿರ, ಗೆರೆಗಳು ಮಸುಕು. ಒಂದು ಮುಖದಲ್ಲಿ ಉಳಿಯಿಂದ ಕೊರೆದ ಕಮ್ಮಾರನ ಹೆಸರು, ಇನ್ನೊಂದು ಮುಖದಲ್ಲಿ ತಾರೀಖು ಇರುತ್ತದೆ. ಕೆಲವದರ ಮೇಲೆ ಕೆಂಪು ಅಥವಾ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳೂ ಸಿಗುತ್ತವೆ. ಅವು ಜೋಡಣೆ ಮಾಡುವಾಗ ಬರೆದದ್ದು. ಅದನ್ನೂ ಅಳಿಸಬೇಡಿ.

ತಾರೀಖು ಓದುವುದು ಹೇಗೆ?

ತಾರೀಖು ಹೆಚ್ಚಾಗಿ ಶೋವಾ, ಅಂದರೆ ಚಕ್ರವರ್ತಿ ಹಿರೊಹಿತೊ ಆಳ್ವಿಕೆಯ ವರ್ಷಗಣನೆಯಲ್ಲಿ ಇರುತ್ತದೆ. ಶೋವಾ ವರ್ಷಕ್ಕೆ 1925 ಕೂಡಿಸಿ. ಶೋವಾ 17 ಅಂದರೆ 1942, ಶೋವಾ 20 ಅಂದರೆ 1945. ತಾರೀಖು ಮೇಲಿನಿಂದ ಕೆಳಗೆ ವರ್ಷ, ತಿಂಗಳು, ದಿನ ಹೀಗೆ ಇರುತ್ತದೆ. ಓದಲು ಬರದಿದ್ದರೆ ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟು, ಬುಡವನ್ನು ನೆಟ್ಟಗೆ ನಿಲ್ಲಿಸಿ ಸ್ಪಷ್ಟವಾದ ಫೋಟೋ ತೆಗೆಯಿರಿ. ಓದಬಲ್ಲವರಿಗೆ ಅಷ್ಟು ಸಾಕು. ಸೀಮೆಸುಣ್ಣ ತುಂಬಿಸಿ ಓದುವ ಅಭ್ಯಾಸ ಬೇಡ, ಪುಡಿ ತೇವ ಹಿಡಿದುಕೊಳ್ಳುತ್ತದೆ.

ಅಲಗು ನೋಡಿಯೇ ಕೈಕೆಲಸವೋ ಎಣ್ಣೆಯಲ್ಲಿ ಅದ್ದಿದ್ದೋ ಹೇಳಬಹುದಾ?

ಅಭ್ಯಾಸ ಆದರೆ ಹೇಳಬಹುದು. ಕೋಣೆ ಕತ್ತಲೆ ಮಾಡಿ ಒಂದೇ ಒಂದು ಬಲ್ಬ್ ಹಚ್ಚಿ. ಟ್ಯೂಬ್‌ಲೈಟ್ ಬೇಡ. ಮೊನೆಯನ್ನು ಬಲ್ಬ್ ಕಡೆಗೆ ಚಾಚಿ, ಅಲಗಿನ ಮೇಲೆ ಬಲ್ಬಿನ ಪ್ರತಿಬಿಂಬ ಬೀಳುವ ಜಾಗದ ಅಂಚಿನಲ್ಲಿ ಕಣ್ಣಿಡಿ. ಅಲಗನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ ಹೋದರೆ ಬಾಯಿಯ ಗುಂಟ ಬಿಳಿ ಗೆರೆಯೊಂದು ಏಳುತ್ತದೆ. ಇದೇ ಹಾಮೊನ್, ಗಟ್ಟಿ ಉಕ್ಕು ಮತ್ತು ಮೆದು ಉಕ್ಕಿನ ನಡುವಿನ ಗಡಿ.

ನೀರಿನಲ್ಲಿ ಅದ್ದಿದ ಅಲಗಿನಲ್ಲಿ ಈ ಗೆರೆ ಜೀವಂತವಾಗಿ ಇರುತ್ತದೆ. ಕೆಲವು ಕಡೆ ಮಂಜಿನ ಹಾಗೆ ಮಸುಕು, ಕೆಲವು ಕಡೆ ಬಿಡಿಬಿಡಿಯಾಗಿ ಮಿನುಗುವ ಕಣಗಳು. ಈ ಕಣಗಳಿಗೆ ನಿಯೆ ಅನ್ನುತ್ತಾರೆ. ಗೆರೆಯಿಂದ ಬಾಯಿ ಕಡೆಗೆ ಸಣ್ಣ ಕಾಲುಗಳು ಇಳಿದಿರುತ್ತವೆ. ಎಣ್ಣೆಯಲ್ಲಿ ಅದ್ದಿದ್ದರಲ್ಲಿ ಗೆರೆ ಉದ್ದಕ್ಕೂ ಒಂದೇ ಸಮ, ಒಳಗೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಅಲೆಯ ಆಕಾರದ ಹಾಮೊನ್ ಆಗಿದ್ದರೆ ಅಲೆಯ ತುದಿಯಲ್ಲಿ ಕಪ್ಪು ಚುಕ್ಕೆಯಂಥದ್ದು ಕಾಣುವುದು ಶೋವಾತೊದ ಒಂದು ಗುರುತು. ಆಸಿಡ್ ಹಾಕಿ ಎಬ್ಬಿಸಿದ ಗೆರೆಯಾದರೆ ಮೇಲ್ಮೈಯಲ್ಲಿ ಬಿಳುಚಿಕೊಂಡು ಕೂತಿರುತ್ತದೆ, ಕೋನ ಬದಲಿಸಿದರೂ ಹಾಗೇ ಕಾಣುತ್ತದೆ.

ಇನ್ನು ಉಕ್ಕಿನ ಮೈ. ಮಡಚಿ ಬಡಿದ ಅಲಗಿನ ಮೈಯಲ್ಲಿ ಹಲಸಿನ ಹಲಗೆಯ ಎಳೆಗಳಂಥ ಗೆರೆಗಳು ಕಾಣಬೇಕು. ಇಲ್ಲೊಂದು ಎಚ್ಚರಿಕೆ ಬೇಕು. ಯುದ್ಧಕಾಲದ ಒಳ್ಳೆಯ ಕಮ್ಮಾರರು ಎಷ್ಟು ಬಿಗಿಯಾಗಿ ಬಡಿದಿದ್ದಾರೆ ಅಂದರೆ ಎಳೆಯೇ ಕಾಣದ ಗೆಂದೈತೊಗಳು ಜಾಸ್ತಿ. ಎಳೆ ಕಾಣಲಿಲ್ಲ ಅಂದ ಮಾತ್ರಕ್ಕೆ ಕಾರ್ಖಾನೆಯದ್ದು ಅನ್ನಬೇಡಿ. ಹಾಮೊನ್ ಹೇಳುವ ಮಾತಿಗೇ ಬೆಲೆ ಕೊಡಿ. ಅಲಗು ತುಕ್ಕು ಹಿಡಿದು ಏನೂ ಕಾಣದಿದ್ದರೆ, ಪಾಲಿಷ್ ಕಲಿತವರು ಸಣ್ಣ ಜಾಗವೊಂದನ್ನು ಮಾತ್ರ ತೀಡಿ 'ಕಿಟಕಿ' ತೆರೆದು ಕೊಡುತ್ತಾರೆ. ಅಷ್ಟರಲ್ಲೇ ತೀರ್ಮಾನ ಆಗುತ್ತದೆ.

ಮಂಚೂರಿಯಾ ರೈಲ್ವೆಯ ಕತ್ತಿ ಅಂತ ಒಂದಿದೆಯಂತೆ?

ಇದೆ. ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿ ತನ್ನದೇ ಉಕ್ಕಿನಿಂದ ಮಾಡಿದ್ದು, ಹೆಸರು ಮಾನ್ತೆತ್ಸುತೊ. ಗಟ್ಟಿ ಉಕ್ಕಿನ ಒಳಗೆ ಮೆದು ಕಬ್ಬಿಣದ ತಿರುಳು ತುಂಬಿ ಮಾಡಿದ ಅಲಗು. ತಮಾಹಗಾನೆ ಅಲ್ಲ, ಹಾಗಾಗಿ ಗೆಂದೈತೊ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೆಲಸ ಅಚ್ಚುಕಟ್ಟು, ಸಂಗ್ರಾಹಕರಿಗೆ ಬಲು ಇಷ್ಟ.

ಅಲ್ಯೂಮಿನಿಯಂ ಹಿಡಿಯ ಕತ್ತಿ ಇದೆ. ಇದು ಅಸಲಿಯೇ?

1935ರ ಮಾದರಿಯ, ಕೆಳದರ್ಜೆಯ ಅಧಿಕಾರಿಗಳಿಗೆ ಸೈನ್ಯವೇ ಕೊಟ್ಟ ಕತ್ತಿ ಇರಬಹುದು. ದಾರ ಸುತ್ತಿದ ಹಾಗೆ ಕಾಣುವಂತೆ ಎರಕ ಹೊಯ್ದು ಬಣ್ಣ ಹಚ್ಚಿದ ಹಿಡಿ, ಅಲಗಿನಲ್ಲಿ ಉದ್ದನೆಯ ತೋಡು, ಅಲಗಿನ ಮೇಲೂ ಒರೆಯ ಮೇಲೂ ಕ್ರಮಸಂಖ್ಯೆ. ಇದಕ್ಕೆ ಬಿದಿರಿನ ಗೂಟ ಇರುವುದಿಲ್ಲ, ಸ್ಕ್ರೂ ಇರುತ್ತದೆ. ಪೂರ್ತಿ ಯಂತ್ರದ ಕೆಲಸ. ಎರಡೂ ಸಂಖ್ಯೆ ಒಂದೇ ಆಗಿದ್ದರೆ ಒಳ್ಳೆಯದು. ಇದನ್ನು ಪಾಲಿಷ್‌ಗೆ ಕೊಡುವ ಮಾತೇ ಬೇಡ, ಇದ್ದ ಹಾಗೇ ಇಡಿ.

ಜಾಸ್ತಿ ನಕಲು ಬಂದಿರುವುದೂ ಇದೇ ಮಾದರಿಯಲ್ಲಿ. ಹಿಡಿಯ ಎರಕ ಒರಟು, ಅಂಕಿಗಳು ಸೊಟ್ಟ, ಹಿತ್ತಾಳೆಯ ಮೇಲೆ ಬೇಕಂತಲೇ ಹಚ್ಚಿದ ಕಪ್ಪು, ಬುಡದಲ್ಲಿ ಹೊಸ ಕೆಂಪು ತುಕ್ಕು. ಇವಿಷ್ಟೂ ಒಟ್ಟಿಗೆ ಕಂಡರೆ ದೂರ ಇರಿ. ಅಧಿಕಾರಿಗಳ ಕತ್ತಿಯ ನಕಲುಗಳಲ್ಲಿ ಅಲಗಿನ ಮೇಲೆ ದೊಡ್ಡದಾಗಿ ಸುಳಿಸುಳಿ ವಿನ್ಯಾಸ ಎದ್ದು ಕಾಣುತ್ತದೆ. ಅಸಲಿ ಅಲಗು ಅಷ್ಟು ಕೂಗಿ ಹೇಳುವುದಿಲ್ಲ.

ಯಾವ ದೋಷ ಇದ್ದರೆ ಕೊಳ್ಳಬಾರದು?

ಹಗಿರೆ. ಬಾಯಿಗೆ ಅಡ್ಡವಾಗಿ ಬಿದ್ದ ಕೂದಲಿನಂಥ ಬಿರುಕು ಇದು. ಬರಿಗಣ್ಣಿಗೆ ಕಾಣದಿರಬಹುದು, ಲೆನ್ಸ್ ಹಿಡಿದು ಪೂರ್ತಿ ಉದ್ದಕ್ಕೂ ನೋಡಿ. ಇದಕ್ಕೆ ಮದ್ದಿಲ್ಲ. ಬೆಂಕಿಗೆ ಬಿದ್ದು ಹಾಮೊನ್ ಅಳಿಸಿಹೋದ ಅಲಗಿನದ್ದೂ ಅದೇ ಕತೆ. ಮೊನೆ ಮುರಿದು ಅಲ್ಲಿನ ಹಾಮೊನ್ ಹೋಗಿದ್ದರೆ ಕೂಡ ಬಿಡುವುದೇ ಮೇಲು. ಬಾಯಿಯಲ್ಲಿ ಸಣ್ಣ ಹಲ್ಲು ಬಿದ್ದದ್ದು, ಮೇಲ್ಮೈ ತುಕ್ಕು, ಸ್ವಲ್ಪ ಬಾಗಿದ್ದು ಇವೆಲ್ಲ ಸರಿಯಾಗುವಂಥವು.

ಅಲಗು ತುಕ್ಕು ಹಿಡಿದಿದೆ. ನಾನೇ ಸ್ವಚ್ಛ ಮಾಡಬಹುದಾ?

ಸ್ಯಾಂಡ್‌ಪೇಪರ್, ಬಫಿಂಗ್ ಚಕ್ರ, ಬ್ರಾಸೊ, ನಿಂಬೆಹಣ್ಣು, ಹುಣಸೆಹಣ್ಣು, ತುಕ್ಕು ತೆಗೆಯುವ ಆಸಿಡ್ ಇವುಗಳಲ್ಲಿ ಒಂದೂ ಬೇಡ. ಜಪಾನಿ ಅಲಗಿನ ಅಂದ ಇರುವುದು ಅದರ ರೇಖಾಗಣಿತದಲ್ಲಿ. ಬೆನ್ನಿಗೂ ಬಾಯಿಗೂ ನಡುವೆ ಓಡುವ ಏಣು, ಮೊನೆಯ ಹತ್ತಿರ ಅದು ತಿರುಗುವ ಜಾಗ, ಇವು ಚೂಪಾಗಿ ಇರಬೇಕು. ಬಫಿಂಗ್ ಚಕ್ರ ಐದು ನಿಮಿಷದಲ್ಲಿ ಎಲ್ಲವನ್ನೂ ಉರುಟು ಮಾಡಿಬಿಡುತ್ತದೆ. ಬಿಸಿ ಜಾಸ್ತಿಯಾದರೆ ಹದವೂ ಹೋಗುತ್ತದೆ.

ನೀವು ಮಾಡಬಹುದಾದ್ದು ಇಷ್ಟು. ನೀರಿನಂಶ ಇಲ್ಲದ ಆಲ್ಕೋಹಾಲ್ ಹಾಕಿದ ಮೆತ್ತನೆ ಬಟ್ಟೆಯಿಂದ ಹಳೆಯ ಎಣ್ಣೆ, ಧೂಳು ಒರೆಸಿ. ಬೆನ್ನಿನ ಕಡೆಯಿಂದ ಹಿಡಿದು ಬುಡದಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಸವರಿ. ಬೆರಳು ತಾಗಿಸಬೇಡಿ, ಬೆವರಿನ ಗುರುತು ವಾರದೊಳಗೆ ತುಕ್ಕಾಗಿ ನಿಲ್ಲುತ್ತದೆ.

ಹಳೆಯ ಕಿಟ್‌ಗಳಲ್ಲಿ ಉಚಿಕೊ ಎಂಬ ಕಲ್ಲಿನ ಪುಡಿಯ ಚೆಂಡು ಬರುತ್ತದೆ. ಹೊಸದಾಗಿ ಪಾಲಿಷ್ ಆದ ಅಲಗಿಗೆ ಅದನ್ನು ಮತ್ತೆ ಮತ್ತೆ ತಟ್ಟಿದರೆ ಸೂಕ್ಷ್ಮ ಗೀರು ಬೀಳುತ್ತವೆ. ಒಳ್ಳೆಯ ಮೈಕ್ರೋಫೈಬರ್ ಬಟ್ಟೆಯೇ ಸಾಕು ಅಂತ ನನ್ನ ಅಭಿಪ್ರಾಯ.

ಯಾವ ಎಣ್ಣೆ? ನಮ್ಮ ಹವೆಗೆ ಎಷ್ಟು ಸಲ?

ಚೋಜಿ ಎಣ್ಣೆ ಅಂತ ಮಾರುವುದು ಬಹುಪಾಲು ಲವಂಗದ ವಾಸನೆ ಹಾಕಿದ ಮಿನರಲ್ ಎಣ್ಣೆ. ಅದು ಸಿಗದಿದ್ದರೆ ಶುದ್ಧ ಮಿನರಲ್ ಎಣ್ಣೆ ಆಗುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ. ಗಾಳಿಗೆ ಅಂಟಂಟಾಗಿ ಧೂಳು, ತೇವ ಎರಡನ್ನೂ ಹಿಡಿಯುತ್ತವೆ.

ಮಂಗಳೂರು, ಕಾರವಾರ, ಮಡಿಕೇರಿ ಕಡೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಬಳ್ಳಾರಿ, ಕಲಬುರಗಿಯಲ್ಲಿ ಅಷ್ಟು ಆತಂಕ ಇಲ್ಲ. ಚರ್ಮದ ಹೊದಿಕೆಯ ಒರೆಯಲ್ಲಿ ಇಟ್ಟು ಮರೆಯಬೇಡಿ, ಚರ್ಮ ತೇವ ಎಳೆದುಕೊಳ್ಳುತ್ತದೆ. ಕತ್ತಿಯನ್ನು ಬಾಯಿ ಮೇಲಾಗಿ, ಅಡ್ಡಲಾಗಿ ಇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಆಯುಧ ಪೂಜೆಗೆ, ಕೈಲ್‌ಪೊಳ್ದ್‌ಗೆ ಇಡಬಹುದಾ?

ಇಡಿ, ಏನೂ ತೊಂದರೆ ಇಲ್ಲ. ಒರೆಯಲ್ಲೇ ಇಡಿ. ಅರಿಶಿನ, ಕುಂಕುಮ, ಗಂಧ ಇವೆಲ್ಲ ತೇವದಲ್ಲಿ ಕಲಸಿದವು. ಅಲಗಿನ ಮೇಲೆ ಒಂದು ಬೊಟ್ಟು ಇಟ್ಟರೆ ದಸರಾ ಕಳೆಯುವುದರೊಳಗೆ ಅಲ್ಲಿ ಕಲೆ ನಿಲ್ಲುತ್ತದೆ. ಲೋಹದ ಒರೆಗೆ ಬೊಟ್ಟು ಇಟ್ಟು ಸಂಜೆ ಒರೆಸಿಬಿಡಿ. ಕೈಲ್‌ಪೊಳ್ದ್‌ನ ತೋಕ್ ಪೂವನ್ನು ಪಕ್ಕದಲ್ಲಿ ಇಡಿ, ಹಿಡಿಯ ರೇಷ್ಮೆ ದಾರಕ್ಕೆ ಸಿಕ್ಕಿಸಬೇಡಿ.

ನಮ್ಮ ಕಡೆ ಇಂಥ ಕತ್ತಿ ಹೇಗೆ ಬಂತು?

ಬರ್ಮಾ, ಮಲಯಾ ರಂಗದಿಂದ. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಬರ್ಮಾದಲ್ಲಿ ಬ್ರಿಗೇಡ್ ನಡೆಸಿದವರು. ಅವರಂಥ ಅಧಿಕಾರಿಗಳ ಜೊತೆ ದಕ್ಷಿಣ ಭಾರತದ ಸಾವಿರಾರು ಸೈನಿಕರು ಆ ರಂಗದಲ್ಲಿದ್ದರು. 1945ರಲ್ಲಿ ಜಪಾನ್ ಶರಣಾದಾಗ ಆಗ್ನೇಯ ಏಷ್ಯಾದ ದಂಡನಾಯಕ ಮೌಂಟ್‌ಬ್ಯಾಟನ್, ಜಪಾನಿ ಅಧಿಕಾರಿಗಳು ಎಲ್ಲರೆದುರು ತಮ್ಮ ಕೈಯಾರೆ ಕತ್ತಿ ಒಪ್ಪಿಸಬೇಕು ಅಂತ ಪಟ್ಟು ಹಿಡಿದರು. ಫೀಲ್ಡ್ ಮಾರ್ಷಲ್ ತೆರಾಉಚಿ ಸೈಗಾನ್‌ನಲ್ಲಿ ತಮ್ಮ ಕತ್ತಿಗಳನ್ನು ಒಪ್ಪಿಸಿದ್ದು 1945ರ ನವೆಂಬರ್ 30ರಂದು. ಹೀಗೆ ಒಪ್ಪಿಸಿದ ಕತ್ತಿಗಳು ಬ್ರಿಟಿಷ್, ಭಾರತೀಯ ಅಧಿಕಾರಿಗಳ ಪಾಲಿಗೆ ಬಂದವು.

ಆದ್ದರಿಂದ ಕತ್ತಿಯ ಜೊತೆ ಬಂದ ಮರದ ಚೀಟಿ, ಬಟ್ಟೆಯ ಪಟ್ಟಿ, ಹಳೆಯ ಫೋಟೋ, ಪತ್ರ ಏನಿದ್ದರೂ ಬಿಸಾಡಬೇಡಿ. ಆ ಚೀಟಿಯಲ್ಲಿ ಹೆಚ್ಚಾಗಿ ಮೂಲ ಮಾಲೀಕನ ಹೆಸರು, ದಳ ಬರೆದಿರುತ್ತದೆ. ಹಿಡಿಗೆ ಕಟ್ಟಿದ ಗೊಂಡೆಯೂ ಮುಖ್ಯ: ನೀಲಿ-ಕಂದು ಕಿರಿಯ ಅಧಿಕಾರಿಯದ್ದು, ಕೆಂಪು-ಕಂದು ಮೇಜರ್‌ನಿಂದ ಕರ್ನಲ್‌ವರೆಗಿನವರದ್ದು, ಕೆಂಪು ಮತ್ತು ಚಿನ್ನದ ಬಣ್ಣದ್ದು ಜನರಲ್‌ಗಳದ್ದು. ಮನೆಯ ಹಿರಿಯರು ಬದುಕಿದ್ದರೆ ಅವರಿಗೆ ಗೊತ್ತಿರುವುದನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಪಾಲಿಷ್ ಯಾವಾಗ ಮಾಡಿಸಬೇಕು? ಯಾರಿಂದ?

ಜಪಾನಿ ಪದ್ಧತಿಯಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕಲಿತ ತೊಗಿಶಿಯಿಂದ, ಅಂದರೆ ಕತ್ತಿ ಪಾಲಿಷ್ ಮಾಡುವ ಕುಶಲಕರ್ಮಿಯಿಂದ, ಮಾತ್ರ. ಊರಿನ ಸಾಣೆ ಹಿಡಿಯುವವರ ಕೆಲಸ ಇದಲ್ಲ. ಅವರ ಕೆಲಸ ಬಾಯಿ ಹರಿತ ಮಾಡುವುದು. ತೊಗಿಶಿ ಅಲಗಿನ ಪೂರ್ತಿ ಮೈಯನ್ನು ಕಲ್ಲಿನ ಮೇಲೆ ಮತ್ತೆ ರೂಪಿಸುತ್ತಾರೆ. ಒರಟು ಕಲ್ಲಿನಿಂದ ಶುರುವಾಗಿ ನಯವಾದ ಕಲ್ಲುಗಳವರೆಗೆ ಒಂದಾದ ಮೇಲೊಂದು. ಪ್ರತಿ ಕಲ್ಲೂ ಹಿಂದಿನ ಕಲ್ಲಿನ ಗೀರನ್ನು ಪೂರ್ತಿ ಅಳಿಸಬೇಕು. ಕೊನೆಗೆ ಉಗುರಿನಷ್ಟು ಅಗಲದ, ಕಾಗದದಷ್ಟು ತೆಳುವಾದ ಕಲ್ಲಿನ ಚೂರನ್ನು ಹೆಬ್ಬೆರಳಿನ ಕೆಳಗೆ ಇಟ್ಟುಕೊಂಡು ಅಂಗುಲ ಅಂಗುಲವಾಗಿ ಉಜ್ಜುತ್ತಾ ಹಾಮೊನ್ ಎಬ್ಬಿಸುತ್ತಾರೆ. ಏಣಿನ ಮೇಲಿನ ಭಾಗವನ್ನು ಉಕ್ಕಿನ ಸೂಜಿಯಿಂದ ತೀಡಿ ಕನ್ನಡಿಯಷ್ಟು ಹೊಳಪು ತರುತ್ತಾರೆ. ವಾರಗಟ್ಟಲೆ ಕೆಲಸ. ಕೂಲಿಯೂ ಹಾಗೇ, ಅಲಗಿನ ಉದ್ದದ ಲೆಕ್ಕದಲ್ಲಿ.

ಪ್ರತಿ ಪಾಲಿಷ್‌ಗೂ ಒಂದಷ್ಟು ಉಕ್ಕು ಹೋಗುತ್ತದೆ, ಮತ್ತೆ ಬರುವುದಿಲ್ಲ. ಆದ್ದರಿಂದ ನನ್ನ ಸಲಹೆ ನೇರವಾಗಿದೆ. ಶೋವಾತೊಗೆ ಬೇಡ, ಖರ್ಚು ಕತ್ತಿಯ ಬೆಲೆಯನ್ನೇ ಮೀರುತ್ತದೆ, ಹೊರಬರುವುದೂ ಏನಿಲ್ಲ. ಗೆಂದೈತೊ ಆಗಿದ್ದು ಮೂಲ ಪಾಲಿಷ್ ಸುಮಾರಾಗಿ ಉಳಿದಿದ್ದರೆ, ಅಲ್ಲಲ್ಲಿ ಕಲೆ ಇದ್ದರೂ ಹಾಗೇ ಬಿಡಿ. ಯುದ್ಧಕಾಲದ ಮೂಲ ಪಾಲಿಷ್ ಕೂಡ ಒಂದು ದಾಖಲೆ. ತುಕ್ಕು ಒಳಗೆ ಇಳಿಯುತ್ತಿದ್ದರೆ ಅಥವಾ ಅಲಗು ನಿಜಕ್ಕೂ ದೊಡ್ಡ ಕಮ್ಮಾರನದ್ದು ಎಂದು ಖಾತ್ರಿಯಾದರೆ ಆಗ ಖರ್ಚು ಮಾಡಿ.

ಪಾಲಿಷ್ ಆದ ಅಲಗನ್ನು ಹಳೆಯ ಒರೆಗೆ ಹಾಕಬೇಡಿ. ಒಳಗಿನ ಮರದಲ್ಲಿ ಕೂತ ತುಕ್ಕಿನ ಪುಡಿ ಹೊಸ ಮೈಯನ್ನು ಗೀರುತ್ತದೆ. ಹೊನೊಕಿ ಮರದ ಸಾದಾ ಒರೆ ಮಾಡಿಸಿ, ಹೆಸರು ಶಿರಾಸಾಯಾ. ಸೈನ್ಯದ ಹಿಡಿ, ಒರೆಗಳನ್ನು ಮರದ ಅಲಗಿನ ಮೇಲೆ ಜೋಡಿಸಿ ಬೇರೆ ಇಡಬಹುದು.

ಹಿಡಿಯ ದಾರ ಹರಿದಿದೆ. ಹೊಸದಾಗಿ ಸುತ್ತಿಸಲಾ?

ಬೇಡ. ಹರಿದ ತುದಿ ಇನ್ನಷ್ಟು ಬಿಚ್ಚದಂತೆ ನೋಡಿಕೊಳ್ಳಿ, ಸಾಕು. ಹಿಡಿಯ ಮೀನಿನ ಚರ್ಮ, ಅದರ ಮೇಲಿನ ದಾರ, ಚೆರ್ರಿ ಹೂವಿನ ಬಿಲ್ಲೆಗಳು ಎಲ್ಲ ಆ ಕಾಲದವೇ ಇದ್ದರೆ ಅದಕ್ಕೇ ಬೆಲೆ. ಒರೆಯ ಬಣ್ಣ ಮತ್ತೆ ಹಚ್ಚಿಸುವುದೂ ಬೇಡ. ಬಿದಿರಿನ ಗೂಟ ಮಾತ್ರ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಅದು ಸುರಕ್ಷತೆಯ ವಿಷಯ. ಹಳೆಯದನ್ನು ಪೊಟ್ಟಣ ಕಟ್ಟಿ ಜೊತೆಗೇ ಇಡಿ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಕತ್ತಿಗೂ ಅನ್ವಯಿಸುತ್ತವೆ. ವಿದೇಶದಿಂದ ತರಿಸಲು ಪರವಾನಗಿ ಬೇಕು. ಸುಮ್ನೆ ಆನ್‌ಲೈನ್‌ನಲ್ಲಿ ಕೊಂಡರೆ ಕಸ್ಟಮ್ಸ್‌ನಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಮೊದಲಿನಿಂದ ಇರುವ ಕತ್ತಿಯ ವಿಷಯಕ್ಕೆ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ನಂಬಿಕೊಂಡು ಹೊರದೇಶದಿಂದ ತರಿಸಲು ಹೋಗಬೇಡಿ. ಒಳಗಿನ ಅಲಗು ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ಬರುತ್ತದೆ. ಪಾಲಿಷ್‌ಗೆ ಅಂತ ಹೊರಗೆ ಕಳಿಸುವ ಮುಂಚೆ ಇದನ್ನು ನೋಡಲೇಬೇಕು.

ಬ್ರಿಟನ್ನಿನಲ್ಲಿ ಇರುವ ಕನ್ನಡಿಗರಿಗೆ: ಅಲ್ಲಿ 50 ಸೆಂಟಿಮೀಟರ್ ಮತ್ತು ಅದಕ್ಕಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟಕ್ಕೆ 2008ರಿಂದ ನಿಷೇಧ ಇದೆ. ಆದರೆ 1954ಕ್ಕೆ ಮೊದಲು ಮಾಡಿದವಕ್ಕೂ ಸಾಂಪ್ರದಾಯಿಕ ರೀತಿಯಲ್ಲಿ ಕೈಯಿಂದ ಮಾಡಿದವಕ್ಕೂ ವಿನಾಯಿತಿ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕತ್ತಿ ನಿಷೇಧಿತ ಆಯುಧ, ಸಂಗ್ರಾಹಕರಿಗೆ ಷರತ್ತಿನ ಮೇಲೆ ವಿನಾಯಿತಿ.

ಇಂಥ ಕತ್ತಿ ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಾ? ಅದರಿಂದ ಏನೇನು ಆಗಿದೆಯೋ.

ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಬಾರದು. 1937ರ ನಾನ್‌ಜಿಂಗ್‌ನಲ್ಲಿ, ಆಮೇಲೆ ಪೆಸಿಫಿಕ್ ದ್ವೀಪಗಳಲ್ಲಿ ಇಂಥ ಕತ್ತಿಗಳಿಂದ ಕೈದಿಗಳನ್ನು, ಸಾಮಾನ್ಯ ಜನರನ್ನು ಕೊಂದಿದ್ದಾರೆ. ಕತ್ತಿಯಲ್ಲಿ ಎಷ್ಟು ಜನರನ್ನು ಕೊಲ್ಲಬಹುದು ಅಂತ ಪಂದ್ಯ ಕಟ್ಟಿದ ಸುದ್ದಿ ಪತ್ರಿಕೆಯಲ್ಲಿ ಬಂದಿದ್ದ ಇಬ್ಬರು ಅಧಿಕಾರಿಗಳನ್ನು ಯುದ್ಧಾನಂತರ ವಿಚಾರಣೆ ನಡೆಸಿ 1948ರಲ್ಲಿ ಗಲ್ಲಿಗೇರಿಸಿದರು. ಕಮ್ಮಾರನ ಕೈಚಳಕವನ್ನು ಮೆಚ್ಚುವವರು ಇದನ್ನೂ ಹೇಳಬೇಕು. ಕತ್ತಿ ತೋರಿಸುವಾಗ ಎರಡೂ ಕತೆ ಹೇಳಿ. ಇದು ಎಷ್ಟು ತಲೆ ಕಡಿದಿದೆ ಗೊತ್ತಾ ಎಂದು ಬೆಲೆ ಏರಿಸುವ ವ್ಯಾಪಾರಿಯ ಹತ್ತಿರ ಕೊಳ್ಳಬೇಡಿ.

ಮೂಲ ಮಾಲೀಕನ ಮನೆಯವರಿಗೆ ಹಿಂದಿರುಗಿಸಬಹುದಾ?

ಆಗುತ್ತದೆ, ಹಾಗೆ ಹಿಂದಿರುಗಿದ ಕತ್ತಿಗಳೂ ಇವೆ. ಆದರೆ ಕಳಿಸುವ ಮುಂಚೆ ಒಂದು ವಿಷಯ ತಿಳಿದಿರಿ. ಯುದ್ಧದ ನಂತರ ಜಪಾನಿನಲ್ಲಿ ಆಯುಧಗಳನ್ನೆಲ್ಲ ಒಪ್ಪಿಸಬೇಕಾಗಿ ಬಂತು. ಹೊನ್ಮಾ ಜುನ್ಜಿ ಅವರಂಥ ತಜ್ಞರು ಅಮೆರಿಕದ ಅಧಿಕಾರಿ ಕ್ಯಾಡ್‌ವೆಲ್ ಅವರ ಮನವೊಲಿಸಿ ಕಲೆಯ ಬೆಲೆ ಇರುವ ಅಲಗುಗಳನ್ನು ಉಳಿಸಿದರು. ಟೋಕಿಯೋದ ಅಕಾಬಾನೆ ಉಗ್ರಾಣದಲ್ಲಿ ಹಾಗೆ ಆರಿಸಿ ಉಳಿಸಿದ್ದೇ ಐದು ಸಾವಿರಕ್ಕೂ ಹೆಚ್ಚು. ಅಂದಿನ ಆ ನಿಯಮವೇ ಇಂದಿಗೂ ನಡೆಯುತ್ತಿದೆ. ಕಲಾಕೃತಿ ಎಂದು ನೋಂದಣಿ ಆದ ಅಲಗನ್ನು ಮಾತ್ರ ಜಪಾನಿನಲ್ಲಿ ಇಟ್ಟುಕೊಳ್ಳಬಹುದು. ನೋಂದಣಿ ಸಿಗುವುದು ಸಾಂಪ್ರದಾಯಿಕವಾಗಿ ಮಾಡಿದ್ದಕ್ಕೆ ಮಾತ್ರ.

ಗೆಂದೈತೊ ಅಥವಾ ಮನೆತನದ ಹಳೆಯ ಅಲಗಾದರೆ ಕಸ್ಟಮ್ಸ್‌ನಲ್ಲಿ ತೋರಿಸಿ, ಪೊಲೀಸರಿಗೆ ತಿಳಿಸಿ, ಪ್ರಾಂತ್ಯದ ಶಿಕ್ಷಣ ಮಂಡಳಿಯ ತಪಾಸಣೆಗೆ ಒಡ್ಡಿ ನೋಂದಣಿ ಪಡೆಯಬಹುದು. ಪಾಲಿಷ್‌ಗೆ ಕಳಿಸಿದರೂ ಇದೇ ದಾರಿ. ವಾಪಸ್ ತರಿಸಲು ಅಲ್ಲಿನ ಸಂಸ್ಕೃತಿ ಇಲಾಖೆಯ ಪತ್ರ ಬೇಕು. ಶೋವಾತೊ ಅಥವಾ ಯಂತ್ರದ ಕತ್ತಿ ಕಳಿಸಿದರೆ ಅದನ್ನು ವಶಪಡಿಸಿಕೊಂಡು ನಾಶ ಮಾಡುತ್ತಾರೆ, ಮನೆಯವರ ಕೈಗೆ ಸಿಗುವುದಿಲ್ಲ. ಅಂಥ ಸಂದರ್ಭದಲ್ಲಿ ಹೆಸರಿನ ಚೀಟಿ, ಗೊಂಡೆ, ಬುಡದ ಸ್ಪಷ್ಟ ಫೋಟೋ ಇವನ್ನು ಕಳಿಸಿ. ಆ ಚೀಟಿಯ ಒಂದು ಒಳ್ಳೆಯ ಪ್ರತಿಯನ್ನು ಕತ್ತಿಯ ಜೊತೆ ಇಟ್ಟುಕೊಳ್ಳಿ.